ನಾದಿನಿಯ ಮೂಗು

ಹಾಪ್ಸ್ ಚೀಲದೊಳಗೆ ಕತ್ತಿನವರೆಗೂ ತಲೆ ತೂರಿಸಿ ನಿಂತಿದ್ದ ಅತ್ತಿಗೆ, ಸ್ವಲ್ಪ ಹೊತ್ತಿನ ಮೇಲೆ ತಲೆ ಹೊರಗೆ ತೆಗೆದು, "ಈ ಸಲ ಹಳೇ ಮಾಲು ಕಳಿಸಿದಾರೇನ್ರೀ? ವಾಸನೆಯೇ ಇಲ್ಲ" ಎಂದಳು.

ಬಾಗಿಲ ಬಳಿ ಪೈಪು ಸುತ್ತಿಡುತ್ತಿದ್ದ ಗಂಡ ತಲೆಯೆತ್ತಿ ನೋಡಿದ. ಬಿಯರಿಗೆ ಕಹಿ ಕೊಡುವ ಆ ಒಣಹೂವಿನ ಹಸಿರು ಪುಡಿ ಅವಳ ಹುಬ್ಬಿಗೂ ಮೂಗಿನ ತುದಿಗೂ ಮೆತ್ತಿಕೊಂಡಿತ್ತು. ಅದರ ನಿಂಬೆಸಿಪ್ಪೆಯಂಥ ಘಾಟು ಅಷ್ಟು ದೂರದಲ್ಲಿದ್ದ ಅವನಿಗೇ ಬಡಿಯುತ್ತಿತ್ತು. ತಮಾಷೆ ಇರಬೇಕೆಂದು ಅವನು ನಕ್ಕ. ಅವಳು ನಗಲಿಲ್ಲ. ನೆಲ ತೊಳೆಯುವ ಔಷಧಿಯ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. ಕಣ್ಣಲ್ಲಿ ನೀರು ಬಂತೇ ಹೊರತು ವಾಸನೆ ಬರಲಿಲ್ಲ.

"ಹೋಯ್ತು ನೋಡಿ. ಜ್ವರ ಹೋಗ್ತಾ ಇದನ್ನೂ ಕಟ್ಕೊಂಡು ಹೋಗಿದೆ."

ಅವಳನ್ನು ಅತ್ತಿಗೆ ಎಂದು ಮೊದಲು ಕರೆದದ್ದು ಗಂಡನ ತಂಗಿ. ಅದನ್ನೇ ಕೇಳಿ ಕೇಳಿ ಮಾಲ್ಟ್ ಮೂಟೆ ಇಳಿಸುವ ಲಾರಿಯವನು, ಎದುರಿನ ಅಂಗಡಿಯವರು, ಸಂಜೆ ಕುಡಿಯಲು ಬರುವ ಗಿರಾಕಿಗಳು, ಕೊನೆಗೆ ಅವಳಿಗಿಂತ ಹಿರಿಯರಾದ ಮುದುಕರೂ ಹಾಗೇ ಕರೆಯತೊಡಗಿದ್ದರು. ಇಡೀ ಬೀದಿಗೆ ಒಬ್ಬಳೇ ಅತ್ತಿಗೆ. ಅವಳ ಬಿಯರ್ ಕಾರ್ಖಾನೆ ಒಂದು ಕಾಲದಲ್ಲಿ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಾಗಿತ್ತು. ನೀರು ಹರಿದು ಹೋಗಲಿ ಎಂದು ನೆಲಕ್ಕೆ ಇಳಿಜಾರು ಕೊಟ್ಟಿದ್ದರು, ಹಬೆ ಹೊರಹೋಗಲಿ ಎಂದು ಕಿಟಕಿಗಳನ್ನು ಎತ್ತರದಲ್ಲಿಟ್ಟಿದ್ದರು. ಬಿಯರಿಗೂ ಬೇಕಾದದ್ದು ಅವೇ ಎರಡು. ಹಿಂದಿನ ಕೋಣೆಯಲ್ಲಿ ಬಾರ್ಲಿ ಬೇಯಿಸುವ ಹಂಡೆ, ಸಾಲಾಗಿ ಉಕ್ಕಿನ ಟ್ಯಾಂಕುಗಳು. ಮುಂದಿನ ಕೋಣೆಯಲ್ಲಿ ನಲ್ಲಿಗಳಿದ್ದ ಮರದ ಕಟ್ಟೆ, ಬೆಂಚುಗಳು. ಇಷ್ಟೇ ಅವಳ ಸಾಮ್ರಾಜ್ಯ. ಅದನ್ನು ಅವಳು ಆಳುತ್ತಿದ್ದದ್ದು ಮೂಗಿನಿಂದ. ಟ್ಯಾಂಕಿನ ಮುಚ್ಚಳದ ರಬ್ಬರು ಹಳತಾಗಿದ್ದರೆ ಬಾಗಿಲಲ್ಲೇ ನಿಂತು ಹೇಳುವಳು. ಬಾರ್ಲಿ ಹುರಿದವನು ಒಂದು ಗಳಿಗೆ ಮೈಮರೆತಿದ್ದರೂ ಮೊದಲ ಗುಟುಕಿನಲ್ಲೇ ಹಿಡಿಯುವಳು.

ಅಂಥ ಮೂಗು ಮುಷ್ಕರ ಹೂಡಿ ಕೂತಿತ್ತು. ಡಾಕ್ಟರು ನೋಡಿ, ತಾನಾಗಿ ಬರುತ್ತದೆ, ಯಾವಾಗ ಎಂದು ಮಾತ್ರ ಕೇಳಬೇಡಿ ಎಂದು ಕಳಿಸಿದರು. ಗಂಡ ಮುಖ ಸಣ್ಣದು ಮಾಡಿಕೊಂಡ. ವಾರದ ಕೊನೆಗೆ ಊರಿನ ಸಣ್ಣ ಬಿಯರ್ ಕಾರ್ಖಾನೆಗಳೆಲ್ಲ ಸೇರಿ ಹಳೆಯ ಗೋದಾಮಿನ ಅಂಗಳದಲ್ಲಿ ಮೊದಲ ಬಾರಿಗೆ ಒಂದು ಸಂತೆ ಮಾಡುವುದೆಂದು ನಿಶ್ಚಯವಾಗಿತ್ತು. ಅತ್ತಿಗೆಯ ಹೊಂಬಣ್ಣದ ಏಲ್ ಬಿಯರ್ ಆವತ್ತೇ ಬಿಡುಗಡೆ ಎಂದು ಊರ ತುಂಬ ಭಿತ್ತಿಪತ್ರ ಅಂಟಿಸಿದ್ದರು. ಏಲ್ ಇನ್ನೂ ಟ್ಯಾಂಕಿನಲ್ಲಿತ್ತು. ತಣ್ಣಗಾಗಿಸಿ ಪೀಪಾಯಿಗೆ ತುಂಬುವ ಮುಂಚೆ ಅದು ಆಗಿದೆಯೋ ಇಲ್ಲವೋ ಎಂದು ಮೂಸಿ ಹೇಳುವವರು ಬೇಕಾಗಿತ್ತು.

"ಈಗೇನ್ಮಾಡೋದು?" ಎಂದ ಗಂಡ.

"ನೆಗಡಿ ಬಂತು ಅಂತ ಮೂಗು ಕುಯ್ಕೊಳ್ಳೋಕಾಗುತ್ತಾ? ನಂದು ವಾಪಸ್ ಬರೋವರೆಗೆ ಬೇರೆ ಮೂಗು ಹುಡುಕೋಣ."

"ನಾನಿಲ್ವಾ?"

ಅವಳು ಅವನ ಕೈಗೆ ಒಂದು ಲೋಟ ಕೊಟ್ಟಳು. ಅವನು ಮೂಸಿದ, ಕುಡಿದ, ಮೀಸೆ ಒರೆಸಿಕೊಂಡ. "ಚೆನ್ನಾಗಿದೆ."

"ಚೆನ್ನಾಗಿದೆ ಅಂದ್ರೆ ಹೇಗಿದೆ?"

"ಬಿಯರ್ ಥರ ಇದೆ."

ಮನುಷ್ಯ ಬಂಗಾರದಂಥವನು. ಹಂಡೆ ತೊಳೆಯುವುದರಲ್ಲಿ, ಪಂಪು ರಿಪೇರಿಯಲ್ಲಿ ಅವನನ್ನು ಬಿಟ್ಟರಿಲ್ಲ. ಆದರೆ ಅವನ ನಾಲಿಗೆ ಬಹಳ ಉದಾರಿ. ಬಂದ ರುಚಿಯನ್ನೆಲ್ಲ ಕೂರಿಸಿ ಸತ್ಕರಿಸಿ ಕಳಿಸುವಂಥದ್ದು. ಅತ್ತಿಗೆಗೆ ಬೇಕಾಗಿದ್ದದ್ದು ಬಾಗಿಲಲ್ಲೇ ತಡೆದು ವಿಚಾರಿಸುವ ನಾಲಿಗೆ. ಹಾಗೆ ಯೋಚಿಸುತ್ತಿದ್ದಂತೆ ಅವಳಿಗೆ ನಾದಿನಿಯ ನೆನಪಾಯಿತು.

ನಾದಿನಿ ಅದೇ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಟೇಪು ಹಿಡಿಯದೆ ಸೊಂಟದ ಅಳತೆ ಹೇಳುವಳು, ಅದನ್ನೂ ಹತ್ತು ಜನರಿಗೆ ಕೇಳುವ ಹಾಗೆ ಹೇಳುವಳು. ಅವಳಿಗೆ ಬಿಯರ್ ಸೇರದು. ಆದರೆ ಕಾರ್ಖಾನೆಗೆ ಕಾಲಿಟ್ಟಾಗಲೆಲ್ಲ ಒಂದಲ್ಲ ಒಂದು ವಾಸನೆಯ ಮೇಲೆ ದೂರು ಹೇಳದೆ ಕೂತವಳಲ್ಲ. ಒಮ್ಮೆ ಬಂದವಳೇ, "ಇಲ್ಯಾರು ಒದ್ದೆ ರಟ್ಟು ಒಣಗಿಸ್ತಿರೋದು" ಎಂದಿದ್ದಳು. ಆವತ್ತು ಗಾಳಿ ಹೊಕ್ಕು ಹಳಸಿದ ಪೀಪಾಯಿಯೊಂದನ್ನು ಅತ್ತಿಗೆ ಮೋರಿಗೆ ಸುರಿಯುತ್ತಿದ್ದಳು. ಹಳಸಿದ ಬಿಯರಿನ ಗುರುತೇ ಒದ್ದೆ ರಟ್ಟಿನ ವಾಸನೆ. ಆಗ ಅದನ್ನು ನಾದಿನಿಯ ಬಾಯಿಬಡುಕತನ ಎಂದುಕೊಂಡಿದ್ದ ಅತ್ತಿಗೆ ಈಗ ನೇರ ಹೊಲಿಗೆ ಅಂಗಡಿಗೆ ನಡೆದಳು.

"ನಾನು ಆ ಕಷಾಯ ಕುಡಿಯಲ್ಲ," ಎಂದಳು ನಾದಿನಿ, ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆ.

"ಕುಡಿಯೋದು ಬೇಡ. ಮೂಸು, ಬಾಯಲ್ಲಿ ಒಂದು ಸುತ್ತು ಹಾಕು, ಉಗುಳು. ಆಮೇಲೆ ಬಾಯಿಗೆ ಬಂದದ್ದು ಹೇಳು."

"ಬಾಯಿಗೆ ಬಂದದ್ದು ಹೇಳಿದ್ರೆ ಅಮ್ಮ ಬಯ್ತಿದ್ಲು. ನೀವು ಕರೆದು ಕೂರಿಸ್ತೀರಲ್ಲ ಅತ್ತಿಗೆ."

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಪುಟ್ಟ ಲೋಟಗಳ ಸಾಲು ನಿಂತಿತು. ಪಕ್ಕದ ಬೀದಿಯ ಗೋಧಿ ಬಿಯರನ್ನು ನಾದಿನಿ ಮೂಸಿ, "ಹಲ್ಲಿನ ಡಾಕ್ಟರ ರೂಮು" ಎಂದಳು. ಲವಂಗದ ವಾಸನೆ ಅದು. ಆ ಬಿಯರನ್ನು ಹುದುಗಿಸುವ ಯೀಸ್ಟೇ ಅದನ್ನು ಹುಟ್ಟಿಸುತ್ತದೆ. "ಆಮೇಲೆ ಬ್ಯಾಗಲ್ಲಿ ಮರೆತ ಬಾಳೆಹಣ್ಣು," ಎಂದು ಸೇರಿಸಿದಳು. ಅದೂ ಸರಿ. ಹಾಪ್ಸ್ ಸುರಿದು ಮಾಡಿದ ಕಹಿ ಏಲ್ ಅವಳಿಗೆ ಆಗ ತಾನೇ ಕತ್ತರಿಸಿದ ಹುಲ್ಲಿನ ಮೇಲೆ ಯಾರೋ ಕೂತು ಕಿತ್ತಳೆ ಸುಲಿದಂತೆ ಕಂಡಿತು. ಹಣ್ಣು ಹಾಕಿ ಹುಳಿ ಬರಿಸಿದ್ದನ್ನು ಬಾಯಿಗೆ ಹಾಕಿದ ಕೂಡಲೇ ಭುಜ ಕುಗ್ಗಿಸಿ, "ಇದು ಪರವಾಗಿಲ್ಲ, ಜಗಳ ಆಡಿ ರಾಜಿ ಆದ ಹಾಗಿದೆ" ಎಂದಳು. ಅತ್ತಿಗೆ ಒಳಗೊಳಗೇ ಹಿಗ್ಗಿದಳು. ವಾಸನೆ ಹಿಡಿಯುವವರು ಬೇಕಾದಷ್ಟು ಜನ ಸಿಗುತ್ತಾರೆ, ಹಿಡಿದದ್ದಕ್ಕೆ ಮಾತು ಕೊಡುವವರು ಅಪರೂಪ.

ಕೊನೆಗೆ ಟ್ಯಾಂಕಿನಿಂದ ಹೊಂಬಣ್ಣದ ಏಲ್ ಹಿಡಿದು ಮುಂದಿಟ್ಟಳು.

"ಬೆಣ್ಣೆ ಬಿಸ್ಕತ್ತು," ಎಂದಳು ನಾದಿನಿ.

"ಒಳ್ಳೇದೇ ಅಲ್ವಾ?" ಎಂದ ಅವಳ ಅಣ್ಣ, ಆಸೆಯಿಂದ.

ಅತ್ತಿಗೆ ಲೋಟವನ್ನು ಬೆಳಕಿಗೆ ಹಿಡಿದಳು. ಬಣ್ಣ ಜೇನಿನಂತಿತ್ತು, ನೊರೆ ಗಟ್ಟಿಯಾಗಿತ್ತು. ಆದರೆ ಯೀಸ್ಟ್ ಕೆಲಸದ ನಡುವೆ ಒಂದಿಷ್ಟು ಬೆಣ್ಣೆವಾಸನೆ ಬಿಡುತ್ತದೆ, ಬಿಟ್ಟದ್ದನ್ನು ಕೊನೆಗೆ ತಾನೇ ತಿಂದು ಮುಗಿಸುತ್ತದೆ. ಅವಸರಪಟ್ಟು ಟ್ಯಾಂಕು ತಣ್ಣಗೆ ಮಾಡಿದರೆ ಅದು ಊಟದ ಮಧ್ಯೆಯೇ ನಿದ್ದೆ ಹೋಗುತ್ತದೆ, ಎಂಜಲು ಬಿಯರಿನಲ್ಲೇ ಉಳಿಯುತ್ತದೆ. ಮೊದಲ ಗುಟುಕಿಗೆ ಬಿಸ್ಕತ್ತು, ಲೋಟ ಮುಗಿಯುವಷ್ಟರಲ್ಲಿ ನಾಲಿಗೆಯ ಮೇಲೆ ಜಿಡ್ಡು.

ಇಷ್ಟು ದೊಡ್ಡ ತೀರ್ಮಾನಕ್ಕೆ ಇನ್ನೊಬ್ಬರ ಮಾತು ಇರಲಿ ಎಂದು ಅವಳು ಗಡ್ಡದವನನ್ನು ಕರೆಸಿದಳು. ಊರಿನ ಆಚೆ ತುದಿಯಲ್ಲಿ ಕಹಿ ಏಲ್ ಮಾಡುವವನು ಅವನೇ. ವ್ಯಾಪಾರದಲ್ಲಿ ಇಬ್ಬರಿಗೂ ಎಣ್ಣೆ ಸೀಗೆಕಾಯಿ, ಆದರೆ ಒಬ್ಬರ ಪಂಪು ಕೆಟ್ಟರೆ ಇನ್ನೊಬ್ಬರದು ಬರುತ್ತಿತ್ತು. ಅವನು ಒಂದು ಲೋಟ ಪೂರ್ತಿ ಕುಡಿದು, ಗಡ್ಡದ ನೊರೆ ಒರೆಸಿಕೊಂಡು, "ನಂಗೆ ಇದ್ರಲ್ಲಿ ತಪ್ಪೇನೂ ಕಾಣಲ್ಲ" ಎಂದ. ಆಮೇಲೆ ಅವನೇ ಕೈಯಾಡಿಸಿ, "ಬೆಣ್ಣೆ ವಿಷಯ ಆದ್ರೆ ನನ್ನ ಮಾತು ಲೆಕ್ಕಕ್ಕಿಲ್ಲ ಅತ್ತಿಗೆ. ನಂಗೆ ಅದು ಹುಟ್ಟಿನಿಂದಲೇ ಗೊತ್ತಾಗಲ್ಲ. ನಮ್ಮಲ್ಲಿ ಅದನ್ನ ನನ್ನ ಹೆಂಡ್ತಿ ನೋಡ್ತಾಳೆ" ಎಂದ.

"ಹಾಗಾದ್ರೆ ಪರೀಕ್ಷೆ ಮಾಡಿಬಿಡೋಣ," ಎಂದಳು ಅತ್ತಿಗೆ.

ಒಂದು ಬಾಟಲಿಗೆ ಏಲ್ ತುಂಬಿ, ಬಿಗಿಯಾಗಿ ಮುಚ್ಚಿ, ಬಿಸಿನೀರಿನ ಪಾತ್ರೆಯಲ್ಲಿಟ್ಟಳು. ಬಿಯರಿನೊಳಗೆ ಅಡಗಿದ ಬೆಣ್ಣೆ ಎಲ್ಲ ಬಿಸಿಗೆ ಹೊರಬೀಳುತ್ತದೆ. ಆಮೇಲೆ ಅದನ್ನು ಆರಿಸಿ, ಬಿಸಿ ಮಾಡದ ಏಲಿನ ಪಕ್ಕ ಇಟ್ಟು, ನಾದಿನಿಯ ಕಣ್ಣಿಗೆ ಅವಳದೇ ಅಂಗಡಿಯ ಬಟ್ಟೆ ತುಂಡು ಕಟ್ಟಿದಳು. ಲೋಟಗಳ ಜಾಗ ಬದಲಾಯಿಸಿ ಬದಲಾಯಿಸಿ ಕೊಟ್ಟಳು. ನಾದಿನಿ ಪ್ರತಿ ಸಲವೂ ಬಿಸಿ ಮಾಡಿದ್ದನ್ನೇ ಎತ್ತಿ, "ಇದಕ್ಕೆ ಬಿಸ್ಕತ್ತಿನ ಡಬ್ಬಾನೇ ಬಿದ್ದಿದೆ" ಎಂದಳು. ಒಮ್ಮೆ ಅತ್ತಿಗೆ ಬೇಕೆಂದೇ ಎರಡೂ ಲೋಟಕ್ಕೆ ಒಂದನ್ನೇ ಸುರಿದಳು. ನಾದಿನಿ ಇದನ್ನು ಮೂಸಿ ಅದನ್ನು ಮೂಸಿ ಕಣ್ಣಿನ ಬಟ್ಟೆ ಕಿತ್ತು ಹಾಕಿದಳು.

"ಎರಡೂ ಒಂದೇ. ಪರೀಕ್ಷೆ ನಂಗೋ ಬಿಯರಿಗೋ?"

"ಇಬ್ಬರಿಗೂ," ಎಂದಳು ಅತ್ತಿಗೆ. "ನೀನು ಪಾಸು, ಅದು ಫೇಲು."

ಅವಳು ಟ್ಯಾಂಕಿನ ಬಳಿ ಹೋಗಿ ಬಿಸಿಯ ಗುಂಡಿ ತಿರುಗಿಸಿದಳು. ಯೀಸ್ಟ್ ಬೆಚ್ಚಗೆ ಕೂತು ಊಟ ಮುಗಿಸಲಿ. ಎಂದರೆ ಸಂತೆಗೆ ಹೊಂಬಣ್ಣದ ಏಲ್ ಇಲ್ಲ. ಗಂಡ ಅವಳ ಹಿಂದೆಯೇ ಬಂದ.

"ಭಿತ್ತಿಪತ್ರ ಹಾಕಿಬಿಟ್ಟಿದೀವಿ ಕಣೇ. ನಿನ್ನ ಮೂಗು ಕೆಲಸ ಮಾಡ್ತಿಲ್ಲ. ಕುಡಿಯದೇ ಇರೋಳ ಮಾತು ಕಟ್ಕೊಂಡು ಎಲ್ಲ ನಿಲ್ಲಿಸ್ತೀಯಾ?"

"ನನ್ನ ಮೂಗು ಕೆಟ್ಟಿದೆ, ತಲೆ ಕೆಟ್ಟಿಲ್ಲ. ಅವಳು ಮೂಸಿದ್ದನ್ನ ನಾನು ಪರೀಕ್ಷೆ ಮಾಡಿದೀನಿ. ಜನರ ಮೂಗಿಗೆ ತುಪ್ಪ ಸವರೋ ವ್ಯಾಪಾರ ನಾವು ಯಾವತ್ತೂ ಮಾಡಿಲ್ಲ, ಬೆಣ್ಣೆ ಸವರೋದೂ ಬೇಡ."

"ಮತ್ತೆ ಏನು ಒಯ್ಯೋದು?"

"ಕಪ್ಪು ಸ್ಟೌಟ್ ಇದೆಯಲ್ಲ. ನಂಗೆ ಜ್ವರ ಬರೋ ಮುಂಚೆ ಆದದ್ದು, ನಾನೇ ಮೂಸಿ ಪೀಪಾಯಿಗೆ ತುಂಬಿದ್ದು."

"ಈ ಬಿಸಿಲಲ್ಲಿ ಆ ಕಪ್ಪು ಯಾರು ಕುಡೀತಾರೆ?"

"ನೋಡೋಣ," ಎಂದಳು. ಅವಳು ನೋಡೋಣ ಎಂದರೆ ಮಾತು ಮುಗಿಯಿತೆಂದು ಅವನಿಗೆ ಗೊತ್ತಿತ್ತು. ಸ್ಟೌಟಿನ ಪೀಪಾಯಿ ಉರುಳಿಸಲು ಹೋದ.

ಸಂತೆಯ ದಿನ ಬಿಸಿಲು ನಿಜಕ್ಕೂ ಹಟ ಹಿಡಿದಿತ್ತು. ಗೋದಾಮಿನ ಅಂಗಳದ ತುಂಬ ಬಟ್ಟೆಯ ಚಪ್ಪರಗಳು, ಪ್ರತಿ ಚಪ್ಪರದಡಿ ಒಂದು ಕಾರ್ಖಾನೆ. ಗಡ್ಡದವನ ಮುಂದೆ ಬೆಳಿಗ್ಗೆಯೇ ಸಾಲು ನಿಂತಿತು. ಅತ್ತಿಗೆ ತನ್ನ ಹಲಗೆಯ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಬರೆದಳು: ಹೊಂಬಣ್ಣದ ಏಲ್ ಇನ್ನೂ ಆಗಿಲ್ಲ, ಆದಾಗ ಬನ್ನಿ, ಇವತ್ತು ಕಪ್ಪು. ಬಂದವರು ಓದಿದರು, ನಲ್ಲಿಯಿಂದ ಇಳಿಯುತ್ತಿದ್ದ ಕಡುಕಪ್ಪು ಧಾರೆ ನೋಡಿದರು, ಮೂಗು ಮುರಿದು ಪಕ್ಕದ ಚಪ್ಪರಕ್ಕೆ ಸರಿದರು. ಗಂಡ ತೊಳೆದ ಲೋಟಗಳನ್ನೇ ಮತ್ತೆ ತೊಳೆದ.

ಅಭ್ಯಾಸಬಲದಿಂದ ಅತ್ತಿಗೆ ಒಂದು ಲೋಟ ತುಂಬಿ ಮೂಗಿನ ಹತ್ತಿರ ತಂದಳು. ಏನೂ ಇಲ್ಲ. ಹುರಿದ ಬಾರ್ಲಿ, ಕಾಫಿ, ಚೂರೇ ಚೂರು ಹೊಗೆ, ಎಲ್ಲ ಅದರಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಮನೆಯೊಳಗೆ ಜನ ಇದ್ದೂ ಬಾಗಿಲು ತಟ್ಟಿದರೆ ಯಾರೂ ಓಗೊಡದ ಹಾಗಾಯಿತು. ಅವಳು ಒಂದು ಗುಟುಕು ಕುಡಿದಳು. ಕಹಿ ಇತ್ತು, ಮೈ ರೇಷ್ಮೆಯಂತೆ ಜಾರಿತು, ಕೊನೆಯಲ್ಲಿ ಒಣಗಿತು. ನಾಲಿಗೆ ತನ್ನ ಕೆಲಸ ಮಾಡುತ್ತಿತ್ತು. ಸಾಕು, ಎಂದುಕೊಂಡು ಲೋಟ ಕೆಳಗಿಟ್ಟಳು.

ಅಷ್ಟರಲ್ಲಿ ನಾದಿನಿ ಒಂದು ಲೋಟ ಹಿಡಿದು ಚಪ್ಪರದಿಂದಾಚೆ ದಾಟಿ, ಮೂಗು ಮುರಿದು ಹೊರಟಿದ್ದ ದಪ್ಪ ಗಿರಾಕಿಯೊಬ್ಬನ ಮುಂದೆ ನಿಂತಿದ್ದಳು.

"ಯಾಕೆ ಹೊರಟ್ರಿ?"

"ಕಪ್ಪು ಬಿಯರ್ ಭಾರ ಆಗುತ್ತಮ್ಮ."

"ಕಪ್ಪು ಬಟ್ಟೆ ಹಾಕ್ಕೊಂಡಿದೀರಿ, ಅದೇನು ಭಾರ ಆಗಿದೆಯಾ? ಕಪ್ಪು ತೆಳ್ಳಗೆ ಕಾಣಿಸುತ್ತೆ ಅಂತಾನೇ ಹೊಲಿಸಿರೋದು ತಾನೆ? ಕಣ್ಣು ಮುಚ್ಚಿ, ಮೂಸಿ. ಏನು ಬಂತು ಹೇಳಿ."

ಆ ಮನುಷ್ಯ ನಾಚಿಕೆಯಿಂದ ಕಣ್ಣು ಮುಚ್ಚಿದ. "ಸೀದ ಬ್ರೆಡ್ಡಿನ ಅಂಚು," ಎಂದ. ಮತ್ತೊಮ್ಮೆ ಮೂಸಿ, "ಚಾಕಲೇಟು" ಎಂದ. ಕುಡಿದು ಕಣ್ಣು ತೆರೆದು ಲೋಟವನ್ನೇ ನೋಡಿದ. "ಹಗುರ ಇದೆಯಲ್ಲ."

"ನಾನು ಬಿಯರ್ ಕುಡಿಯೋಳಲ್ಲ, ನಂಗೇ ಗೊತ್ತಾಗಿದೆ," ಎಂದಳು ನಾದಿನಿ. ಸುತ್ತ ನಿಂತವರು ನಕ್ಕರು. ಇನ್ನೊಬ್ಬಳು ಮುಂದೆ ಬಂದು ಕಣ್ಣು ಮುಚ್ಚಿದಳು, ಅವಳಿಗೆ ಹಳೇ ಪುಸ್ತಕದಂಗಡಿ ಸಿಕ್ಕಿತು. ಅವಳ ಗಂಡನಿಗೆ ಮಳೆ ಬಿದ್ದ ಮೇಲೆ ಆರಿಸಿದ ಒಲೆ ಸಿಕ್ಕಿತು. ಇದೆಲ್ಲ ಒಂದೇ ಪೀಪಾಯಿಯದಾ ಎಂದು ಯಾರೋ ಕೇಳಿದರು. ಸ್ಟೌಟ್ ಎಂದರೇನು, ಕಪ್ಪು ಎಲ್ಲಿಂದ ಬರುತ್ತದೆ, ಹುರಿದ ಬಾರ್ಲಿಯನ್ನು ಎಷ್ಟು ಕಡಿಮೆ ಹಾಕಿದರೂ ಬಣ್ಣ ಹೇಗೆ ಹಿಡಿಯುತ್ತದೆ ಎಂದು ಅತ್ತಿಗೆ ವಿವರಿಸತೊಡಗಿದಳು. ಹಿಂದಿನಿಂದ ಗಡ್ಡದವನು ತನ್ನ ಕಹಿ ಏಲಿನ ಲೋಟಗಳ ತಟ್ಟೆ ಹಿಡಿದು ಬಂದ. "ನಂದನ್ನೂ ಮೂಸಿ ಹೇಳ್ರಪ್ಪ," ಎಂದ. ಮಧ್ಯಾಹ್ನದ ಹೊತ್ತಿಗೆ ಚಪ್ಪರ ಚಪ್ಪರಗಳ ನಡುವೆ ಲೋಟಗಳು ಓಡಾಡುತ್ತಿದ್ದವು. ಯಾರ ಗಿರಾಕಿ ಯಾರೆಂಬುದೇ ಕಲಸಿಹೋಗಿತ್ತು.

ಸ್ಟೌಟ್ ಪೂರ್ತಿ ಖರ್ಚಾಗಲಿಲ್ಲ. ಬಿಸಿಲು ಬಿಸಿಲೇ. ಉಳಿದ ಪೀಪಾಯಿಗಳನ್ನು ಗಾಡಿಗೆ ಏರಿಸುತ್ತ ಗಂಡ, "ನಾನು ಅಂದ್ಕೊಂಡಷ್ಟು ಉಳಿದಿಲ್ಲ" ಎಂದ. ಅವನ ಬಾಯಲ್ಲಿ ಅದು ತಪ್ಪೊಪ್ಪಿಗೆಗೆ ಸಮ.

ಕೆಲವು ದಿನ ಬಿಟ್ಟು ಅತ್ತಿಗೆ ಮತ್ತೆ ಬಾಟಲಿ ಬಿಸಿ ಮಾಡಿ ನಾದಿನಿಯ ಮುಂದಿಟ್ಟಳು. ನಾದಿನಿ ಬಹಳ ಹೊತ್ತು ಮೂಸಿದಳು. "ಬಿಸ್ಕತ್ತು ಹೋಗಿದೆ. ಜೇನು ಇದೆ, ಬ್ರೆಡ್ಡಿದೆ, ಒಗೆದು ಇಸ್ತ್ರಿ ಮಾಡಿದ ಹಾಗೆ ಚೊಕ್ಕವಾಗಿದೆ." ಟ್ಯಾಂಕನ್ನು ತಣ್ಣಗೆ ಮಾಡಿದರು, ಪೀಪಾಯಿ ತುಂಬಿದರು, ನಲ್ಲಿಗೆ ಜೋಡಿಸಿದರು. ಆ ಸಂಜೆ ಮುಂದಿನ ಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ. ಸಂತೆಯ ಹಲಗೆ ಓದಿದವರು ಮರೆಯದೆ ಬಂದಿದ್ದರು. ಗಂಡ ಒಂದು ಲೋಟ ಇಳಿಸಿ, "ಚೆನ್ನಾಗಿದೆ" ಎಂದ. ತಂಗಿ ಕಣ್ಣು ಕೆಕ್ಕರಿಸಿದ್ದು ನೋಡಿ, "ಹೋದ ಸಲಕ್ಕಿಂತ ಸಲೀಸಾಗಿ ಇಳೀತು ಅಂದೆ" ಎಂದು ತಿದ್ದಿಕೊಂಡ.

ಅತ್ತಿಗೆಯ ಮೂಗು ಬಿಡಿಬಿಡಿಯಾಗಿ ವಾಪಸಾಯಿತು. ಮೊದಲು ಬಂದದ್ದು ಸುಟ್ಟ ರಬ್ಬರು, ಆಮೇಲೆ ಸೋಪು, ಆಮೇಲೆ ಗಂಡನ ಬೆವರು. ಅದನ್ನು ಅವನಿಗೆ ಹೇಳಿದಾಗ ಅವನು ಸಂತೋಷಪಡಬೇಕೋ ಬೇಸರಪಡಬೇಕೋ ತಿಳಿಯದೆ ಸ್ನಾನಕ್ಕೆ ಹೋದ. ಕೆಲವು ವಾಸನೆಗಳು ಇನ್ನೂ ಬರಬೇಕಿತ್ತು. ಆದರೆ ಎಲ್ಲ ಬಂದರೂ ಟ್ಯಾಂಕಿನ ಮುಂದೆ ಇನ್ನು ಎರಡು ಮೂಗು ಇರಬೇಕು ಎಂದು ಅವಳು ಆಗಲೇ ತೀರ್ಮಾನಿಸಿದ್ದಳು. ಅದನ್ನು ಹೇಳಿದಾಗ ನಾದಿನಿ ಕಟ್ಟೆಗೆ ಮೊಣಕೈ ಊರಿ ಕೂತಳು.

"ಬರ್ತೀನಿ. ಆದ್ರೆ ನಂದೊಂದು ಬಿಯರ್ ಆಗ್ಬೇಕು. ಕಹಿ ಇಲ್ದೇ ಇರೋದು."

"ಕಹಿ ಇಲ್ದಿದ್ರೆ ಬಿಯರ್ ನಿಲ್ಲಲ್ಲ. ಬೆನ್ನೆಲುಬು ಇಲ್ಲದ ಹಾಗೆ."

"ಹೊಲಿಗೆ ಕಾಣ್ಬಾರ್ದು, ಬಿಚ್ಕೊಳ್ಳಲೂಬಾರ್ದು. ಅಷ್ಟು ಕಹಿ ಹಾಕಿ."

ಅತ್ತಿಗೆ ಬೆರಳು ಮಡಿಚಿ ಲೆಕ್ಕ ಹಾಕಿದಳು. ಗೋಧಿ ಅರ್ಧ, ಬಾರ್ಲಿ ಅರ್ಧ, ಹಾಪ್ಸ್ ಕೊನೆಯಲ್ಲಿ ಒಂದು ಹಿಡಿ. "ಬಾಳೆಹಣ್ಣು ಬರುತ್ತೆ, ಪರವಾಗಿಲ್ವಾ?"

"ಬರಲಿ. ಹಲ್ಲಿನ ಡಾಕ್ಟರು ಮಾತ್ರ ಬೇಡ."

"ಯೀಸ್ಟಿಗೆ ಹೇಳಿ ನೋಡ್ತೀನಿ," ಎಂದು ಅತ್ತಿಗೆ ಎದ್ದು ಗೋಧಿಯ ಮೂಟೆ ಬಿಚ್ಚಲು ಹೋದಳು. ನಾದಿನಿ ತೋಳು ಏರಿಸಿಕೊಂಡು ಅವಳ ಹಿಂದೆ ನಡೆದಳು.