ಹಲ್ಲಿಗೆ ಹಾಕಿದ ರಬ್ಬರ್

"ತಾತ, ಸಣ್ಣ ರಬ್ಬರ್ ಬ್ಯಾಂಡ್ ಇದ್ರೆ ಕೊಡು" ಎಂದು ಮೊಮ್ಮಗಳು ಬಂದಾಗ ಯಾತಕ್ಕೆಂದು ನಾನು ಕೇಳಲಿಲ್ಲ. ಕುರ್ಚಿ ಕಾಲು ಕಡೆಯುವುದು ನನ್ನ ಕಸುಬು. ಅಂಟು ಹಾಕಿದ ಚೂರುಗಳು ಒಣಗುವ ತನಕ ಅಲ್ಲಾಡದಿರಲೆಂದು ಸುತ್ತುವ ರಬ್ಬರ್‌ಗಳು ಡಬ್ಬಿ ತುಂಬ ಇರುತ್ತವೆ. ಬಿಗಿಯಾದದ್ದನ್ನೇ ಹುಡುಕಿ ಕೈಯಾರೆ ಕೊಟ್ಟೆ.

ಹನ್ನೆರಡು ವರ್ಷದ ಅವಳನ್ನು ಮನೆಯಲ್ಲಿ ಕರೆಯುವುದು ಪಟಾಕಿ ಎಂದು. ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು. ತರಗತಿಯ ಫೋಟೊ ತೆಗೆಯುವಷ್ಟರಲ್ಲಿ ಅದನ್ನು ಮುಚ್ಚಬೇಕೆಂದು ಅವಳ ಹಟ.

ನಾಲ್ಕನೆಯ ದಿನ ಊಟಕ್ಕೆ ಕೂತವಳು ಮೊದಲ ತುತ್ತಿಗೇ ಮುಖ ಹಿಂಡಿದಳು.

"ಏನೇ, ಹಲ್ಲುನೋವಾ?" ಎಂದಳು ಸೊಸೆ.

"ನೋವಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ ಕಣಮ್ಮ. ವಿಡಿಯೊದಲ್ಲಿ ಹೇಳಿದಾರೆ. ಎರಡೂ ಹಲ್ಲು ಸೇರಿಸಿ ರಬ್ಬರ್ ಹಾಕಿದ್ರೆ ಹತ್ತು ದಿನಕ್ಕೆ ಸಂದು ಮಾಯ!"

"ಹೇಳಿದವನು ಡಾಕ್ಟರಾ?"

"ಅಲ್ಲ. ಆದ್ರೆ ಎಂಟು ಲಕ್ಷ ಜನ ನೋಡಿದಾರೆ."

"ಎಂಟು ಲಕ್ಷ ಜನ ನೋಡಿದ ಮಾತ್ರಕ್ಕೆ ಕತ್ತೆ ಕುದುರೆ ಆಗತ್ತೇನೆ?"

ನಾನು ಕೇಳಿದ್ದು ಒಂದೇ ಮಾತು. "ರಬ್ಬರ್ ಎಲ್ಲಿ?"

"ನಿನ್ನೆ ಬಿದ್ದೋಯ್ತು ತಾತ. ನುಂಗಿಬಿಟ್ಟೆ ಅನ್ಸುತ್ತೆ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇರುವ ಕುರ್ಚಿ ಕಾಲಿಗೆ ರಬ್ಬರ್ ಹಾಕಿದರೆ ಅದು ಹಾಕಿದಲ್ಲಿ ನಿಲ್ಲುವುದಿಲ್ಲ, ಸಣ್ಣ ಕಡೆಗೇ ಜಾರುತ್ತದೆ. ಕೆಲಸ ಕಲಿಯುವಾಗ ಇದಕ್ಕಾಗಿ ನಾನು ತಿಂದ ಬೈಗುಳ ಇವತ್ತಿಗೂ ಕಿವಿಯಲ್ಲಿದೆ. ಎದ್ದು ಹೋಗಿ ಮೊಳೆ ಡಬ್ಬಿ ತಡಕಿದೆ. ಹದಿನಾರು ವರ್ಷದ ಹಿಂದೆ ಕೀಳಿಸಿದ ನನ್ನ ಮುಂದಿನ ಹಲ್ಲು ಅದರಲ್ಲಿತ್ತು.

"ಥೂ ತಾತ, ಇದನ್ನೂ ಎತ್ತಿಟ್ಕೊಂಡಿದೀಯಾ!"

ಹಲ್ಲಿಗೆ ರಬ್ಬರ್ ಸುತ್ತಿ ಹೆಬ್ಬೆರಳಿನಿಂದ ಸ್ವಲ್ಪ ಒತ್ತಿದೆ. ಸರ್ರನೆ ಬೇರಿನ ತುದಿಗೆ ಓಡಿತು.

"ನೋಡು. ಹೊರಗೆ ಕಾಣೋದು ದಪ್ಪ, ಒಸಡಿನೊಳಗೆ ಇರೋದು ಸಣ್ಣ. ನಿಂದು ಬಿದ್ದಿಲ್ಲ ಮಗಾ, ಒಳಗೆ ಹತ್ತಿದೆ."

ಪಟಾಕಿ ಠುಸ್ ಎಂದಳು.

ಹಲ್ಲಿನ ಡಾಕ್ಟರಮ್ಮ ಮರಗಟ್ಟಿಸುವ ಸೂಜಿ ಕೊಟ್ಟು, ಒಸಡಿನ ಅಡಿಯಿಂದ ರಬ್ಬರನ್ನು ಚಿಮಟದಲ್ಲಿ ಎಳೆದು ತೆಗೆದರು. "ಬೇಗ ಬಂದ್ರಿ, ಹಲ್ಲು ಉಳೀತು. ಹಾಗೇ ಬಿಟ್ಟಿದ್ರೆ ಎರಡೂ ಸಡಿಲ ಆಗಿ ಬಿದ್ದೇ ಹೋಗ್ತಿದ್ವೋ ಏನೋ. ಯಾರು ಕೊಟ್ಟಿದ್ದು ರಬ್ಬರ್?"

ಶಾಲೆ ಮಕ್ಕಳ ಹಾಗೆ ನಾನು ಕೈ ಎತ್ತಿದೆ.

ಅವರು ನಕ್ಕು, ಪಟಾಕಿಯ ಕಡೆ ತಿರುಗಿ, "ಸಂದು ಮುಚ್ಚೋಣ ಪುಟ್ಟ. ತಂತಿ ಹಾಕಿ, ನಿಧಾನಕ್ಕೆ. ಒಂದು ವರ್ಷ ಬೇಕಾಗಬಹುದು" ಎಂದರು.

"ವಿಡಿಯೊದಲ್ಲಿ ಹತ್ತೇ ದಿನ..."

"ಹನ್ನೊಂದನೇ ದಿನದ್ದು ಹಾಕಿದಾನಾ?"

 

ಫೋಟೊದಲ್ಲಿ ಸಂದು ಇದ್ದ ಹಾಗೇ ಬಂತು. ಎರಡು ಹಲ್ಲೂ ಬಂದವು. ಆಮೇಲೆ ಅವಳೇ ನನ್ನ ಹಳೇ ಹಲ್ಲು, ರಬ್ಬರ್, ಒಂದು ಕುರ್ಚಿ ಕಾಲು ಇಟ್ಟು ವಿಡಿಯೊ ಮಾಡಿ ಹಾಕಿದಳು. ಮೊನ್ನೆ ಓಡಿ ಬಂದು, "ತಾತ, ಹದಿನಾಲ್ಕು ಸಲ ನೋಡಿದಾರೆ!" ಎಂದು ಕುಣಿದಳು.

ಅದರಲ್ಲಿ ಒಂಬತ್ತು ಸಲ ನೋಡಿದ್ದು ನಾನೇ ಎಂದು ಹೇಳಲಿಲ್ಲ.