ಚಪ್ಪರದಡಿ ಕೊಟ್ಟ ಕವಳ

ಹೊನ್ನಾವರದ ಹತ್ತಿರದ ಆ ಕೇರಿಯಲ್ಲಿ ಮದುವೆಯ ಹಾಡಿಗೆ ಕರೆಯುವುದೆಂದರೆ ಕವಳ ಕೊಡುವುದು. ಎಲೆ, ಅಡಿಕೆ, ಸುಣ್ಣದ ಆ ಕವಳವನ್ನು ಹಾಡುವವಳು ಕೊಟ್ಟವರ ಎದುರೇ ಜಗಿಯಬೇಕು, ಜಗಿದರೆ ಒಪ್ಪಿದಂತೆ. ಇನ್ನೊಂದು ರೀತಿಯೂ ಇತ್ತು. ಮದುವೆಯ ಚಪ್ಪರದಡಿ ಯಾರೂ ರೋಗದ ಮಾತು ಎತ್ತಬಾರದು. ಎರಡೂ ದೇವರ ಹೆಸರಿನಲ್ಲಿ ನಡೆದುಬಂದದ್ದು. ಒಂದು ಇನ್ನೊಂದಕ್ಕೆ ಅಡ್ಡ ಬಂದೀತೆಂದು ಯಾರೂ ಎಣಿಸಿರಲಿಲ್ಲ.

ಕೊಂಕಣ ರೈಲು ಓಡತೊಡಗಿ ನಾಲ್ಕಾರು ವರ್ಷವಾಗಿತ್ತು. ಸೋಮಿ ಮಗಳು ಪವಿತ್ರಾಳ ಮದುವೆಗೆ ಚಪ್ಪರ ಹಾಕಿಸಿದಳು. ಬಾಲ್ಯದ ಗೆಳತಿ ಹಮ್ಮ ಬಂದಳು. ಗದ್ದೆಯಲ್ಲಿ ಹಮ್ಮ ಹಾಡು ಎತ್ತಿಕೊಟ್ಟರೆ ಸೋಮಿ ಹಿಂದೆ ಹೇಳುವವಳು. ಹೆಣ್ಣು ಒಪ್ಪಿಸುವ ಹಾಡು ಕೇರಿಯಲ್ಲಿ ಪೂರ್ತಿ ಬರುತ್ತಿದ್ದದ್ದು ಹಮ್ಮಳೊಬ್ಬಳಿಗೇ.

ಸೋಮಿ ಕವಳ ಕೊಟ್ಟಳು. ಹಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿದಳು.

"ಎಂತದೇ, ಬಾಯಿಗೆ ಹಾಕು."

"ಮನೆಗೆ ಹೋಗಿ ಹಾಕ್ತೆ."

"ನಮ್ಮನೆ ಎಲೆಗೆ ಹುಳ ಬಿದ್ದದ್ಯಾ?"

ಹಮ್ಮ ನಕ್ಕಳಷ್ಟೇ. ಮೀನು ಸಾರು ಬಡಿಸಿದರೆ ಅದನ್ನು ಬದಿಗೆ ಸರಿಸಿ, ಅನ್ನಕ್ಕೆ ನೀರು ಕಲಸಿ ಉಂಡಳು.

"ಆತು ಬಿಡು," ಎಂದಳು ಸೋಮಿ. "ನಿನಗೀಗ ದೊಡ್ಡ ಮನೆ ಕವಳವೇ ಬೇಕು. ಹಾಡೂಕೆ ಬೇರೆಯವ್ರು ಇದ್ದಾರೆ."

ಹಮ್ಮ ಏನೋ ಹೇಳಹೊರಟು, ತಲೆಯ ಮೇಲಿನ ಚಪ್ಪರ ನೋಡಿ, ಬಾಯಿ ಮುಚ್ಚಿಕೊಂಡು ಎದ್ದು ಹೋದಳು.

ಮದುವೆಯಲ್ಲಿ ಹಮ್ಮಳ ಬದಲು ಕೇರಿಯ ಸುಬ್ಬಿ ಹಾಡಿದಳು. ಒಪ್ಪಿಸುವ ಹಾಡು ನಡುವೆಯೇ ತಪ್ಪಿಹೋಯಿತು. "ಹಮ್ಮಕ್ಕ ಬರ್ಲಿಲ್ವಾ?" ಎಂದು ತಿರುಗಿ ತಿರುಗಿ ನೋಡುತ್ತಲೇ ಪವಿತ್ರಾ ಕುಮಟೆಯ ಗಂಡನ ಮನೆಗೆ ಹೊರಟ ವಾಹನ ಹತ್ತಿದಳು.

ಮಳೆಗಾಲ ಕಳೆದ ಮೇಲೆ ಸೋಮಿಗೆ ಹಲ್ಲು ನೋವು ಬಂತು. ಹೊನ್ನಾವರದಲ್ಲಿ ನಡೆದಿದ್ದ ಹಲ್ಲಿನ ಶಿಬಿರಕ್ಕೆ ಹೋದರೆ ಬೆಂಚಿನ ಮೇಲೆ ಹಮ್ಮ ಕುಳಿತಿದ್ದಳು. ತಲೆ ತಗ್ಗಿಸಿ ಸಣ್ಣ ಕೊಳವೆಗೆ ಎಂಜಲು ಬಿಡುತ್ತಿದ್ದಳು.

"ಇವಳಿಗೆ ಎಂತಾಗದೆ, ಅಮ್ಮಾ?" ಸೋಮಿ ಶಿಬಿರದ ಡಾಕ್ಟರ್ ದಿವ್ಯಶ್ರೀಯನ್ನು ಕೇಳಿದಳು.

ಡಾಕ್ಟರ್ ಹಮ್ಮಳ ಮುಖ ನೋಡಿದರು. ಹಮ್ಮ ಹೇಳಿ ಎಂಬಂತೆ ತಲೆಯಾಡಿಸಿದಳು.

"ಕೆನ್ನೆಯ ಒಳಗೆ ಬಲೆಯ ಹಾಗೆ ಬಿಳಿ ಗೆರೆ ಎದ್ದಿದೆ. ಲೈಕನ್ ಪ್ಲಾನಸ್ ಅಂತಾರೆ, ಅಂಟುರೋಗವಲ್ಲ. ಸಕ್ಕರೆ ಕಾಯಿಲೆಯೂ ಇದೆ. ಎಂಜಲಿನಲ್ಲಿ ಬಾಯನ್ನು ಕಾಯುವ ಅಂಶಗಳಿರ್ತವೆ, ಆಂಟಿಆಕ್ಸಿಡೆಂಟ್ ಅಂತ. ಇಂಥವರಲ್ಲಿ ಅವು ಕಡಿಮೆಯಾಗ್ತಾವೋ ಅಂತ ನೋಡ್ತಿದ್ದೇವೆ. ಖಾರ, ಕವಳ ತಾಗಿದ್ರೆ ಇವರಿಗೆ ಬಾಯಿಗೆ ಕೆಂಡ ಇಟ್ಟ ಹಾಗೆ. ಕಳೆದ ವರ್ಷದಿಂದ ಹೀಗೇ ಅಂತೆ."

ಸೋಮಿ ಹಮ್ಮಳ ಕೆನ್ನೆ ನೋಡಿದಳು.

"ಹೋಲಿಸಲಿಕ್ಕೆ ಈ ರೋಗ ಇಲ್ಲದವರ ಎಂಜಲೂ ಬೇಕು. ನೀವು ಕೊಡ್ತೀರಾ?" ಎಂದ ಡಾಕ್ಟರ್ ಅವಳ ಬಾಯಿ ನೋಡಿ, "ಕವಳ ಹಾಕಿದ್ದೀರಿ. ನಿಮ್ಮದು ಆಗುವುದಿಲ್ಲ," ಎಂದು ಒಳಗೆ ಹೋದರು.

"ನಿನ್ನ ಎಂಜಲೂ ಬೇಡ ಅಂದ್ರಲ್ಲೇ," ಎಂದು ಹಮ್ಮ ನಕ್ಕಳು.

"ಹೇಳೂಕೆ ಎಂತಾಗಿತ್ತೇ ನಿನಗೆ?"

"ಚಪ್ಪರದಡಿ ಹೆಂಗೆ ಹೇಳುದೇ? ನಿನ್ನ ಮಗಳ ಮದುವೆ."

"ಆಚೆ ಕರೆದು ಹೇಳ್ಬಹುದಾಗಿತ್ತು."

"ನೀನು ಮಾತಾಡೂಕೆ ಬಿಟ್ಯಾ?"

ಸೋಮಿ ಬೆಂಚಿನ ತುದಿಯಲ್ಲಿ ಕುಳಿತಳು. "ಆ ಹಾಡು ಒಂದ್ಸಲ ಹೇಳೇ," ಎಂದಳು.

"ಯಾರನ್ನ ಒಪ್ಪಿಸೂಕೆ?" ಹಮ್ಮಳ ದನಿಯಲ್ಲಿ ಕೋಪವಿರಲಿಲ್ಲ.

ಸೋಮಿ ಹಮ್ಮಳ ಕೈಯಲ್ಲಿದ್ದ ಕೊಳವೆಯನ್ನೊಮ್ಮೆ ನೋಡಿ, ಎದ್ದು ಅಂಗಳದ ನಲ್ಲಿಯ ಬಳಿ ಹೋಗಿ ಕವಳ ಉಗುಳಿದಳು. ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು. ನೀರು ಇನ್ನೂ ಕೆಂಪಾಗಿಯೇ ಬೀಳುತ್ತಿತ್ತು.