ಗೂಡಮ್ಮ ಎಲ್ಲಿಂದ ಬಂದಳು

ಮೊದಲು ನಮ್ಮೂರಿನವರ ಕ್ಷಮೆ ಕೇಳುತ್ತೇನೆ. ಇದನ್ನು ಬರೆಯುವ ಅರ್ಹತೆ ನನಗಿದೆಯೇ ಎಂದು ನಾಲ್ಕು ತಿಂಗಳು ಯೋಚಿಸಿದೆ. ಇದೆ ಎಂದು ಈಗಲೂ ಅನ್ನಿಸಿಲ್ಲ. ನಾನು ಹಾಲಿನ ಡೈರಿಯ ಕಾರ್ಯದರ್ಶಿ. ಹಾಲು ಅಳೆಯುವುದು, ನೀರು ಬೆರೆಸಿದ್ದಾರೆಯೇ ಎಂದು ನೋಡುವುದು ನನ್ನ ಕೆಲಸ. ಮೂವತ್ತು ದಾಟಿದ ಮೇಲೆ, ಸಾಯಂಕಾಲದ ಹಾಲನ್ನು ಹೆಂಡತಿ ಭಾನುಪ್ರಿಯಾಗೆ ಒಪ್ಪಿಸಿ, ಚಿಂತಾಮಣಿಯಲ್ಲಿ ಸಂಜೆ ತರಗತಿಗೆ ಹೋಗಿ ಬಿ.ಎ. ಮುಗಿಸಿದೆ. ಇಂಗ್ಲಿಷ್ ಪೇಪರನ್ನು ಎರಡು ಸಲ ಕಟ್ಟಿದೆ. ದೇವರ ವಿಷಯ ಬರೆಯಲು ಇಷ್ಟು ಓದು ಸಾಲದು. ಆದರೆ ಆದದ್ದೆಲ್ಲ ನನ್ನ ಬಾಯಿಂದಲೇ ಆದದ್ದು. ಹಾಗಾಗಿ ಬೇರೆಯವರು ಬರೆಯಲಿ ಎಂದು ಕೂರುವುದೂ ಸರಿ ಕಾಣಲಿಲ್ಲ. ಊರಿನ ಹೆಸರು ಹೇಳುವುದಿಲ್ಲ. ಜಂಗಮಕೋಟೆಯಿಂದ ದಿನಕ್ಕೆ ಮೂರು ಸಲ ಬಸ್ಸು ಬರುತ್ತದೆ, ಅಷ್ಟು ಸಾಕು.

ನಮ್ಮೂರಲ್ಲಿ ರೇಷ್ಮೆ ಹುಳು ಮೇಯಿಸದ ಮನೆ ಕಡಿಮೆ. ಹುಳು ಹಣ್ಣಾಗಿ ಮೇವು ಬಿಟ್ಟು, ಬಿದಿರಿನ ಚಂದ್ರಂಕಿ ತಟ್ಟಿಯ ಮೇಲೆ ಗೂಡು ಕಟ್ಟಿ, ಅದನ್ನು ಬಿಡಿಸುವ ದಿನ ಮೊದಲ ಹಿಡಿ ಗೂಡನ್ನು ಯಾರೂ ಮಾರುಕಟ್ಟೆಯ ಚೀಲಕ್ಕೆ ಹಾಕುವುದಿಲ್ಲ. ಅದು ಗೂಡಮ್ಮನದು. ಊರಾಚೆ ಹಿಪ್ಪುನೇರಳೆ ತೋಟದ ಬದುವಿನಲ್ಲಿ, ಹೊಂಗೆ ಮರದ ಕೆಳಗೆ, ಮೊಣಕಾಲೆತ್ತರದ ಒಂದು ಕಲ್ಲು. ಮುಖವಿಲ್ಲ, ಕೈಯಿಲ್ಲ. ಅರಿಸಿನ ಕುಂಕುಮ ಮೆತ್ತಿ ಮೆತ್ತಿ ಅದಕ್ಕೆ ಬೆರಳು ದಪ್ಪದ ಚರ್ಮ ಬೆಳೆದಿತ್ತು. ಹುಳುಗಳಿಗೆ ಹಾಲುತೊಂಡೆ ರೋಗ ಬಿದ್ದರೆ ಜನ ಮೊದಲು ಅಲ್ಲಿಗೆ ಓಡುತ್ತಿದ್ದರು, ಆಮೇಲೆ ರೇಷ್ಮೆ ಇಲಾಖೆಯವರಿಗೆ ಫೋನು ಮಾಡುತ್ತಿದ್ದರು.

ಹೋದ ವರ್ಷ ಅಲ್ಲಿ ಕಲ್ಲಿನ ಗುಡಿ ಕಟ್ಟಬೇಕೆಂದು ಸಮಿತಿ ಆಯಿತು. ಹೊಸ ವಿಗ್ರಹಕ್ಕೂ ಹೇಳಿಕಳಿಸಿದ್ದರು, ನಾಲ್ಕು ಕೈಯ ಅಮ್ಮನವರು. ಸಮಿತಿಯ ಅಧ್ಯಕ್ಷ ಬಯ್ಯಪ್ಪ ಒಂದು ದಿನ ಡೈರಿಗೆ ಬಂದ.

"ಸುನೀಲಾ, ನೀನು ಓದ್ದೋನು. ಅಮ್ಮೋರು ಎಲ್ಲಿಂದ ಬಂದ್ರು ಅಂತ ಎರಡು ಪುಟ ಬರ್ಕೊಡಪ್ಪ. ಆಹ್ವಾನ ಪತ್ರಿಕೇಲಿ ಹಾಕ್ಸಣ."

"ಎಲ್ಲಿಂದ ಬಂದ್ರಣ್ಣ?"

"ನಂಗೊತ್ತಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ? ಯಾವನಾದ್ರೂ ಒಬ್ಬ ಋಷೀನ ಕರ್ಕೊಂಬಾ. ನಂದಿಬೆಟ್ಟದಿಂದ ನಡ್ಕೊಂಡು ಬಂದ, ಸುಸ್ತಾಯ್ತು, ಹೊಂಗೆ ಮರದ ಕೆಳಗೆ ಕೂತ ಅಂತ ಬರಿ. ಋಷಿಗಳಿಗೇನು ಬಸ್ ಚಾರ್ಜಾ?"

ಹಾಲು ಹಾಕಲು ಬಂದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಸ್ವಭಾವ ಕೆಟ್ಟದ್ದು. ಗೊತ್ತಿಲ್ಲದ್ದನ್ನು ಬರೆದು ಕೆಳಗೆ ಹೆಸರು ಹಾಕಿಕೊಳ್ಳಲು ಕೈ ಬರುವುದಿಲ್ಲ. ಹಿರಿಯರನ್ನು ಕೇಳುತ್ತ ಹೋದೆ. ಐವತ್ತು ವರ್ಷದ ಹಿಂದೆ ಅಲ್ಲಿ ಗೂಡಮ್ಮ ಇದ್ದಳೆಂದು ಹೇಳುವವರು ಒಬ್ಬರೂ ಸಿಗಲಿಲ್ಲ. "ವೆಂಕಟರತ್ನಮ್ಮನ್ನ ಕೇಳು, ದಿನಾ ಮೊದ್ಲು ಹಾಲು ಎರೆಯೋಳು ಅವಳೇ" ಎಂದರು.

ವೆಂಕಟರತ್ನಮ್ಮನಿಗೆ ಎಪ್ಪತ್ತರ ಮೇಲೆ ವಯಸ್ಸು. ಗಂಡ ಆವಲಪ್ಪ ತೀರಿಹೋಗಿ ಹತ್ತು ವರ್ಷವಾಗಿದೆ. ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಹೊರಟರೆ ಮೊದಲು ಹೊಂಗೆ ಮರ, ಆಮೇಲೆ ಡೈರಿ. ಮರುದಿನ ಎಲ್ಲರೂ ಹೋಗುವವರೆಗೆ ಅವರನ್ನು ಕೂರಿಸಿಕೊಂಡು ಕೇಳಿದೆ.

"ಅಜ್ಜಿ, ಗೂಡಮ್ಮ ಎಲ್ಲಿಂದ ಬಂದ್ಳು ಅಂತ ನಿಮಗೇನಾದ್ರೂ ಗೊತ್ತಾ?"

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ನನ್ನ ಹೊಟ್ಟೆಯಿಂದ ಬಂದ್ಳು ನಾಯ್ನಾ."

ಭಕ್ತಿಯ ಮಾತೆಂದು ನಾನು ನಕ್ಕೆ. ಅವರು ನಗಲಿಲ್ಲ.

"ಒಂಬತ್ತು ದಿನದ ಹೆಣ್ಣು ಕೂಸು. ಹೆಸರಿಡೋಕೆ ಮುಂಚೇನೇ ಹೋಯ್ತು. ತೋಟದ ಬದೀಲಿ ಹೂತು, ನಾಯಿ ಕೆದಕ್ದೆ ಇರ್ಲಿ ಅಂತ ಮೇಲೆ ಕಲ್ಲು ಇಟ್ರು. ನಾನು ಬಾಣಂತಿ, ಹೊಸಲು ದಾಟಂಗಿಲ್ಲ. ಎದೆ ಕಟ್ಕೊಂಡು ಕಲ್ಲಾಗಿತ್ತು. ತಿಂಗಳಾದ್ಮೇಲೆ ಹೋಗಿ ನನ್ನ ಹಾಲೇ ಹಿಂಡಿ ಹಾಕ್ದೆ. ಆಮೇಲೆ ಹಸೂದು."

ಅವರೇ ಮುಂದುವರಿಸಿದರು.

"ಅನಸೂಯಮ್ಮ ಇದ್ಳಲ್ಲ, ನಮ್ಮ ಪಕ್ಕದ ತೋಟದೋಳು, ಅವಳು ನೋಡ್ಬಿಟ್ಳು. 'ಏನಕ್ಕಾ, ಇಲ್ಲಿ ದೇವ್ರೈತಾ?' ಅಂದ್ಳು. ಸತ್ತ ಕೂಸಿಗೆ ಹಾಲು ಹಾಕ್ತಿದೀನಿ ಅಂದ್ರೆ ಹುಚ್ಚಿ ಅಂತಾರೆ. ಹೂಂ ಅಂದ್ಬಿಟ್ಟೆ. ಒಂದೇ ಒಂದು ಹೂಂ. ಅವಳ ಹುಳ ಆಗ ಹಾಲುತೊಂಡೆ ಬಂದು ಸಾಯ್ತಿದ್ವು. 'ತಾಯಿ, ಉಳ್ದಿದ್ದು ಗೂಡಾದ್ರೆ ಒಂದು ಹಿಡಿ ನಿಂಗೆ' ಅಂತ ಕೈ ಮುಗಿದ್ಳು. ಆ ಸಲ ಆಯ್ತು ನೋಡು, ಚಂದ್ರಂಕಿ ಬಗ್ಗೋಹಂಗೆ ಗೂಡು."

"ಆಮೇಲಾದ್ರೂ ಯಾರಿಗಾದ್ರೂ ಹೇಳ್ಬೋದಿತ್ತಲ್ಲ ಅಜ್ಜಿ."

"ಕಾಯಿ ಬಂತು, ಬಾಳೆಹಣ್ಣು ಬಂತು, ಯುಗಾದೀಗೆ ಸೀರೆ ಬಂತು. ಕೂಸು ತಿನ್ಲಿ, ಉಟ್ಕೊಳ್ಳಿ ಅನ್ನಿಸ್ತು. ನಾನಂತೂ ಹೆಸರಿಡಲಿಲ್ಲ, ಊರೋರೇ ಇಟ್ರು. ಇನ್ನೇನು ಹೇಳ್ಲಿ?"

ಆಮೇಲೆ ಅವರು ನನ್ನ ಕೈ ಹಿಡಿದುಕೊಂಡರು. ಹೊಸ ವಿಗ್ರಹ ಕೂರಿಸುವ ಮುಂಚೆ ಶಾಸ್ತ್ರಿಗಳು ಮಂತ್ರ ಹೇಳಿ, ಹಳೆಯ ಕಲ್ಲಿನಲ್ಲಿರುವ ದೇವರನ್ನು ಕಳಶದ ನೀರಿಗೆ ಎಳೆದುಕೊಳ್ಳುತ್ತಾರೆ. ಅದಾದ ಮೇಲೆ ಆ ಕಲ್ಲು ಬರೀ ಕಲ್ಲು. ಇದನ್ನು ಅವರಿಗೆ ಯಾರೋ ಹೇಳಿದ್ದರು.

"ಆ ಕಳಶದಲ್ಲಿ ಹೋಗೋದು ಯಾರು ನಾಯ್ನಾ? ದೇವ್ರು ಹೋದ್ರೆ ಹೋಗ್ಲಿ, ಅದು ನಂದಲ್ಲ. ಕೂಸು ಅಲ್ಲೇ ಇರ್ತದಾ? ಓದ್ದೋನು ನೀನು, ಹೇಳು."

ನನಗೆ ಗೊತ್ತಿಲ್ಲವೆಂದೆ.

"ಹಂಗಾದ್ರೆ ಕಲ್ಲು ಎಲ್ಲೈತೋ ಅಲ್ಲೇ ಇರಂಗೆ ಮಾಡ್ಕೊಡು. ಇನ್ನೇನೂ ಬೇಡ ನಂಗೆ."

ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟೆ.

ಎರಡು ದಿನ ಬಿಟ್ಟು ಶಿಡ್ಲಘಟ್ಟಕ್ಕೆ ಹೋಗಿ ದಸ್ತಗಿರನನ್ನು ಕಂಡೆ. ಸಂಜೆ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ಈಗ ಗೂಡು ಬೇಯಿಸಿ ನೂಲು ತೆಗೆಯುವ ಘಟಕ ನಡೆಸುತ್ತಾನೆ. ಹಬೆಯ ನಡುವೆ ನಿಂತು ಎಲ್ಲ ಕೇಳಿಸಿಕೊಂಡ.

"ಅರೆ ಸುನೀಲಣ್ಣ, ನೀನು ಹಾಲಲ್ಲಿ ನೀರು ಹುಡ್ಕೋನು. ಸಿಕ್ಕಿದ್ದರಲ್ಲೆಲ್ಲ ಹುಡ್ಕೋಕೆ ಹೋಗ್ಬೇಡ. ಅಜ್ಜಿ ಹೇಳಿದ್ದು ನಿನ್ನ ಹೊಟ್ಟೇಲಿ ಇಟ್ಕೋ. ಕಲ್ಲು ಉಳೀಬೇಕು ತಾನೆ? ಕನಸಲ್ಲಿ ಅಮ್ಮ ಬಂದಿದ್ಳು, ನನ್ನ ಅಲ್ಲಾಡಿಸಬೇಡಿ ಅಂದ್ಳು ಅನ್ನು. ಮುಗೀತು. ಕನಸಿಗೆ ಯಾರು ಸಾಕ್ಷಿ ಕೇಳ್ತಾರೆ?"

"ಕನಸು ಬಿದ್ದಿಲ್ವಲ್ಲ."

"ಮಲ್ಕೋ, ಬೀಳ್ತದೆ" ಎಂದ. ನಾನು ನಗದಿದ್ದಾಗ ಗಂಭೀರವಾದ. "ನಿಜ ಹೇಳಿದ್ರೆ ಅವರು ಏನು ಮಾಡ್ತಾರೋ ನಿಂಗೆ ಗೊತ್ತಿಲ್ಲ. ಸುಳ್ಳು ಹೇಳಿದ್ರೆ ಏನಾಗ್ತದೆ ಅಂತ ಗೊತ್ತು. ಗೊತ್ತಿರೋದನ್ನ ಮಾಡು."

ಅವನ ಮಾತು ಕೇಳಬೇಕಿತ್ತು. ಆದರೆ ನನಗೆ ಅನ್ನಿಸಿದ್ದು ಬೇರೆ. ಊರಿನವರು ಕಲ್ಲೆದೆಯವರಲ್ಲ, ತಾಯಿಯ ಸಂಕಟ ಕೇಳಿದರೆ ತಾವಾಗಿಯೇ ಕಲ್ಲನ್ನು ಬಿಡುತ್ತಾರೆ, ಸುಳ್ಳಿನಿಂದ ಅದನ್ನು ಉಳಿಸಿದರೆ ಅದು ಆ ತಾಯಿಗೇ ಅವಮಾನ. ಹೀಗೆಲ್ಲ ಯೋಚಿಸಿ ಸಮಿತಿ ಸೇರಿದ ದಿನ ಎದ್ದು ನಿಂತು, ಇದ್ದದ್ದನ್ನು ಇದ್ದಂತೆ ಹೇಳಿದೆ. ಅಜ್ಜಿಯನ್ನು ಒಂದು ಮಾತು ಕೇಳಿಯೂ ಇರಲಿಲ್ಲ.

ಬಯ್ಯಪ್ಪ ಫೋನು ತೆಗೆದು, ಚಿಕ್ಕಬಳ್ಳಾಪುರದ ಶಾಸ್ತ್ರಿಗಳಿಗೆ ಕರೆ ಮಾಡಿ ಸ್ಪೀಕರ್ ಹಾಕಿದ. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ.

"ಗರ್ಭಗುಡಿ ಬರೋ ಜಾಗದಲ್ಲಿ ಅಸ್ಥಿ ಇದ್ರೆ ಅದು ಶಲ್ಯದೋಷ. ಆಳೆತ್ತರ ಅಗೆಸಿ, ಸಿಕ್ಕಿದ್ದನ್ನ ಹರಿಯೋ ನೀರಿಗೆ ಬಿಟ್ಟು, ಹೊಸ ಮಣ್ಣು ತುಂಬಿಸಿ. ಆ ಕಲ್ಲು ಆವರಣದಲ್ಲೇ ಇರಬಾರದು. ಮೊದಲೇ ತಿಳೀತಲ್ಲ, ಒಳ್ಳೇದಾಯ್ತು."

"ಅಣ್ಣ, ನಾನು ಹೇಳಿದ್ದು ಕಲ್ಲು ಉಳಿಸಿ ಅಂತ" ಎಂದೆ.

ಬಯ್ಯಪ್ಪ ನನ್ನನ್ನೇ ನೋಡಿದ. "ಹಳೇ ಕಲ್ಲನ್ನ ಗುಡಿ ಹಿಂದೆ ಕಟ್ಟೆ ಕಟ್ಸಿ ಇಡಣ ಅಂತಲೇ ಇದ್ವಲ್ಲೋ. ನೀನು ಸುಮ್ನಿದ್ದಿದ್ರೆ ಇರ್ತಿತ್ತು."

ಮಂಗಳವಾರ ಬೆಳಿಗ್ಗೆ ಜೆಸಿಬಿ ಬಂತು. ವೆಂಕಟರತ್ನಮ್ಮ ಬದುವಿನ ಮೇಲೆ ಕೂತಿದ್ದರು. ಮಡಿಲಲ್ಲಿ ತಮ್ಮ ಮದುವೆ ಸೀರೆಯಿಂದ ಹರಿದ ಒಂದು ತುಂಡು, ಒಗೆದು ಮಡಿಸಿದ್ದು. ನಾನು ಹತ್ತಿರ ಹೋದೆ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆಗಿದ್ದು ಆಯ್ತು. ಬರಿಗೈಯಲ್ಲಿ ಎತ್ಕೊಳ್ಳೋದು ಬೇಡ ಅಂತ ಬಟ್ಟೆ ತಂದಿದೀನಿ" ಎಂದರು. "ಒಂದ್ಸಲ ನೋಡ್ತೀನಿ. ಆಮೇಲೆ ಅವರು ಎಲ್ಲಿಗೆ ಬಿಡ್ತಾರೋ ಬಿಡ್ಲಿ."

ಬಕೆಟ್ಟು ತಗುಲುತ್ತಲೇ ಕಲ್ಲು ಮಗುಚಿ ಬಿತ್ತು. ಮೂರಡಿ ಅಗೆದರು, ಏನೂ ಇಲ್ಲ. ಆರಡಿ. ಕೆಂಪು ಮಣ್ಣು, ಹೊಂಗೆಯ ಬೇರು, ತುಕ್ಕು ಹಿಡಿದ ಕುಡುಗೋಲಿನ ಒಂದು ತುಂಡು. ಅಜ್ಜಿ ಮನೆಯಿಂದ ಜರಡಿ ತರಿಸಿದರು. ಮಣ್ಣನ್ನು ಅವರೂ ನಾನೂ ಜರಡಿ ಹಿಡಿದೆವು. ಸುತ್ತ ನಿಂತವರಲ್ಲಿ ಒಬ್ಬ, "ಏನಜ್ಜಿ, ದೇವ್ರೂ ಇಲ್ಲ, ದೆವ್ವಾನೂ ಇಲ್ಲ!" ಎಂದ. ಯಾರೋ ಕಿಸಕ್ಕೆಂದರು. ಬಯ್ಯಪ್ಪ ಅವನನ್ನು ಗದರಿಸಿದ, ಆದರೆ ಅವನ ಮುಖದಲ್ಲೂ ನೆಮ್ಮದಿಯೇ ಇತ್ತು. ದೋಷವಿಲ್ಲದ ಜಾಗ. ಕೆಲಸ ಮುಂದುವರಿಸಬಹುದು.

"ಅಜ್ಜಿ, ಒಂಬತ್ತು ದಿನದ ಕೂಸಿನ ಮೂಳೆ ಮೆತ್ತಗಿರ್ತದೆ. ಇಷ್ಟು ವರ್ಷಕ್ಕೆ ಮಣ್ಣಾಗಿರ್ತದೆ" ಎಂದೆ. ಅದು ನಿಜವೋ ಅಲ್ಲವೋ, ಸಮಾಧಾನಕ್ಕೆ ಹೇಳಿದೆ. ಕನಸಿನ ಸುಳ್ಳು ಹೇಳಲಾರದವನು ಆಗ ಇದನ್ನು ಹೇಳಿದೆ.

ಅವರು ಜರಡಿಯನ್ನು ಕೆಳಗಿಟ್ಟರು.

"ನಾನು ನೋಡ್ಲಿಲ್ಲ ನಾಯ್ನಾ. ಎತ್ಕೊಂಡು ಹೋದೋರು ನಮ್ಮ ಯಜಮಾನ್ರು. ತಿಂಗಳಾದ್ಮೇಲೆ ಎಲ್ಲಿ ಅಂತ ಕೇಳ್ದೆ. ಮನೆ ಬಾಗಿಲಲ್ಲೇ ನಿಂತ್ಕೊಂಡು ಕೈ ತೋರ್ಸಿದ್ರು, 'ಆ ಕಲ್ಲಿನ ಹತ್ರ' ಅಂದ್ರು. ಮತ್ತೆ ಕೇಳಕ್ಕೆ ಧೈರ್ಯ ಬರ್ಲಿಲ್ಲ. ಆಗ ಬದೂನ ಮೇಲೆ ಕಲ್ಲು ಬೇಕಾದಷ್ಟಿದ್ವು. ನಾನೇ ಒಂದನ್ನ ನೋಡಿ ಇದೇ ಅಂದ್ಕೊಂಡೆ."

ಬಾಣಂತಿ ಹೊಸಲು ದಾಟಲಿಲ್ಲ ಎಂದು ಅವರು ಮೊದಲ ದಿನವೇ ಹೇಳಿದ್ದರು. ಹೂತವರು ಯಾರು, ನೀವು ಕಂಡಿದ್ದೀರಾ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ಹಾಲಿಗೆ ಮಾಡುವ ಪರೀಕ್ಷೆಯನ್ನು ನಾನು ಆ ಮಾತಿಗೆ ಮಾಡಲಿಲ್ಲ, ಊರೆಲ್ಲ ಹಂಚಿಬಿಟ್ಟೆ.

ಕಲ್ಲನ್ನು ಟ್ರಾಕ್ಟರಿನಲ್ಲಿ ಸಾಗಿಸಿ ಕೆರೆಗೆ ಹಾಕಿದರು. ಗುಡಿ ಮುಗಿಯಿತು. ಋಷಿಯ ಕಥೆಯನ್ನು ಬೇರೆ ಯಾರೋ ಬರೆದುಕೊಟ್ಟರು, ಚೆನ್ನಾಗಿಯೇ ಇದೆ. ಮೊದಲ ಹಿಡಿ ಗೂಡು ಈಗ ನಾಲ್ಕು ಕೈಯ ಅಮ್ಮನವರ ಪಾದಕ್ಕೆ ಬೀಳುತ್ತದೆ. ಬೆಳೆ ಮೊದಲಿನಷ್ಟೇ ಬರುತ್ತಿದೆ, ಕೆಲವೊಮ್ಮೆ ಕೆಡುತ್ತಿದೆ.

ವೆಂಕಟರತ್ನಮ್ಮ ಹೊಂಗೆ ಮರದ ಕಡೆ ಹೋಗುವುದಿಲ್ಲ. ಒಂದು ದಿನ ಕ್ಯಾನು ಕೆಳಗಿಟ್ಟು ಕೇಳಿದರು: "ನಲವತ್ತಾರು ವರ್ಷ ನಾನು ಯಾರಿಗೆ ಹಾಲೆರೆದೆ ಸುನೀಲಪ್ಪ? ಕೂಸು ಅಲ್ಲಿರ್ಲಿಲ್ಲ. ದೇವ್ರು ಕೂಸಿನಿಂದ ಬಂತು ಅಂದ್ಕೊಂಡಿದ್ದೆ. ಕೂಸೇ ಇಲ್ಲ ಅಂದ್ಮೇಲೆ ಅದೂ ಇರ್ಲಿಲ್ಲ. ಮತ್ತೆ ಅನಸೂಯಮ್ಮನ ಹುಳ ಉಳಿಸ್ದೋರು ಯಾರು?"

ಉತ್ತರ ಸಿಗುತ್ತದೆಂದು ಅವರು ಕಾದು ನಿಂತರು. ಹಿಂದಿನವರು "ಬೇಗ ಅಜ್ಜಿ" ಎಂದಾಗ ಸರಿದುಕೊಂಡರು. ಅಂದಿನಿಂದ ನನ್ನ ಹತ್ತಿರ ಅವರು ಹಾಲಿನ ಮಾತು ಬಿಟ್ಟು ಬೇರೆ ಮಾತಾಡಿಲ್ಲ.

ಆವಲಪ್ಪ ಮಗುವನ್ನು ಎಲ್ಲಿ ಹೂತನೆಂದು ತಿಳಿದವರು ಯಾರೂ ಉಳಿದಿಲ್ಲ. ಅವನು ಕೈ ತೋರಿಸಿದ್ದು ನಿಜವಾಗಿಯೋ, ಹೆಂಡತಿಯ ಅಳು ನಿಲ್ಲಲೆಂದೋ, ಅದೂ ಗೊತ್ತಿಲ್ಲ. ಆ ಕಲ್ಲಿನಲ್ಲಿ ಯಾರಾದರೂ ಇದ್ದರೇ, ಇದ್ದರೆ ಎಲ್ಲಿಂದ ಬಂದಿದ್ದರು, ಈಗ ಎಲ್ಲಿದ್ದಾರೆ, ನನಗೆ ಗೊತ್ತಿಲ್ಲ.